ಒಂದು ಡಬ್ಬಿಯಲ್ಲಿ ನೂರು ಆಡು

ಗದುಗಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನೂರೀನ ಮೂರು ವರ್ಷದಿಂದ ಕೋಳಿಕಾಲಿನ ಬೆನ್ನು ಹತ್ತಿದ್ದಳು. ಜವಾರಿ ಕೋಳಿಯನ್ನು ಹಿಡಿಯಲು ಹೋದರೆ ಅದು ಓಣಿಯನ್ನೆಲ್ಲ ಓಡಾಡಿಸುತ್ತದೆ, ಫಾರಂ ಕೋಳಿ ನಾಲ್ಕು ಹೆಜ್ಜೆ ಇಟ್ಟು ಕುಕ್ಕರಿಸುತ್ತದೆ. ಯಾಕೆ? ಸ್ನಾಯು ಬಿಗಿಯಬೇಕಾದರೆ ಕ್ಯಾಲ್ಸಿಯಂ ಬೇಕು. ಅದನ್ನು ಹಿಡಿದಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡುವ ಪ್ರೋಟೀನೊಂದು ಸ್ನಾಯುವಿನಲ್ಲೇ ಇದೆ, ಕ್ಯಾಲ್ಸೀಕ್ವೆಸ್ಟ್ರಿನ್ ಅಂತ. ಯಾವ ಕೋಳಿಯಲ್ಲಿ ಅದು ಎಷ್ಟಿದೆ ಎಂದು ಅವಳು ನೋಡಬೇಕಿತ್ತು. ಸಾವಿರಾರು ಪ್ರೋಟೀನುಗಳ ಗದ್ದಲದಲ್ಲಿ ಅದೊಂದನ್ನೇ ಗುರುತಿಸಿ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ ಇಲ್ಲದೆ ಆ ಕೆಲಸ ಆಗುವಂತಿರಲಿಲ್ಲ. ಆಡಿನ ರಕ್ತದಿಂದ ತೆಗೆಯುವ ಆ ದ್ರವವನ್ನು ಹೈದರಾಬಾದಿನ ಕಂಪನಿಯೊಂದು ಮಾರುತ್ತಿತ್ತು. ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೂ ನೂರು ಮೈಕ್ರೋಲೀಟರ್ ತರಿಸಲು ಒಪ್ಪಿಗೆ ಪಡೆದಿದ್ದಳು. ನೂರು ಮೈಕ್ರೋಲೀಟರ್ ಎಂದರೆ ಎರಡು ಹನಿ.

ಹನಿಗಳ ದಾರಿ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ಫೋನ್ ಬಂತು.

"ನೂರೀನ ಮ್ಯಾಡಮ್ಮಾರ ಏನ್ರಿ? ಲಕ್ಷ್ಮೇಶ್ವರದ ಪಾರ್ಸಲ್ ಗೋದಾಮಿನಿಂದ ದೇವಪ್ಪ ಮಾತಾಡಾಕತ್ತೀನ್ರಿ. ನಿಮ್ಮ ಆಡು ಬಂದಾವ. ದೊಡ್ಡ ಗಾಡಿ ತಗೊಂಡ ಬರ್ರಿ."

"ಯಾವ ಆಡ್ರಿ?"

"ನೂರು ಅದಾವ್ರಿ. ಯಾವ ಅಂತ ಹ್ಯಾಂಗ ಹೇಳ್ಲಿ?"

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತಾಗ ಅವಳಿಗೆ ಅಷ್ಟಿಷ್ಟು ಹೊಳೆಯಿತು, ಗೋದಾಮಿಗೆ ಹೋಗಿ ನೋಡಿದಾಗ ಪೂರ್ತಿ ತಿಳಿಯಿತು. ಪೆಟ್ಟಿಗೆಯ ಚೀಟಿಯ ಮೇಲೆ 'ಪ್ರಾಣಿ: ಆಡು. ಪ್ರಮಾಣ: 100 ಮೈಕ್ರೋಲೀಟರ್' ಎಂದಿತ್ತು. ಪಾರ್ಸಲ್ ಕಂಪನಿಯ ಕಂಪ್ಯೂಟರು ಮೈಕ್ರೋಲೀಟರನ್ನು ಕೈಬಿಟ್ಟು ನೂರು ಆಡು ಎಂದು ಬರೆದುಕೊಂಡಿತ್ತು. ಆಡುಗಳನ್ನು ಇಳಿಸಲು ಬಯಲು ಬೇಕಲ್ಲ! ಜಿಲ್ಲೆಯಲ್ಲಿ ಆ ಕಂಪನಿಗೆ ಬಯಲಿದ್ದದ್ದು ಲಕ್ಷ್ಮೇಶ್ವರದಲ್ಲಿ ಮಾತ್ರ.

ಬಯಲಿನ ನಡುವೆ, ಬೇವಿನ ನೆರಳಿನಲ್ಲಿ ಪುಟ್ಟ ಥರ್ಮಾಕೋಲ್ ಪೆಟ್ಟಿಗೆ ಕೂತಿತ್ತು. ಅದರ ಮುಂದೆ ಒಂದು ಬಕೀಟು ನೀರು, ಒಂದು ಹೊರೆ ಹಸಿ ಮೇವು.

"ಮೇವು ಯಾಕ್ರಿ?" ಎಂದಳು ನೂರೀನ.

"ಜೀವಂತ ಪ್ರಾಣಿಗೆ ಮೇವು ನೀರು ಇಡಬೇಕಂತ ಕಾಯ್ದೆ ಐತ್ರಿ." ದೇವಪ್ಪ ನಿವೃತ್ತಿಯ ಅಂಚಿನ ಮನುಷ್ಯ, ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡಿದ್ದ. "ನನ್ನ ಕಣ್ಣಿಗೆ ಕಾಣತೈತ್ರೀ ಯವ್ವಾ, ಇದು ಡಬ್ಬಿ ಅಂತ. ಆದ್ರ ಕಂಪ್ಯೂಟರಿಗೆ ಕಾಣಬೇಕಲ್ಲ? ಡಾಕ್ಟರು ಸರ್ಟಿಫಿಕೇಟ್ ಕೊಡೂತನಕ ಅದು ನಿಮ್ಮನ್ನ ಬಿಡೂದಿಲ್ಲ, ನನ್ನನ್ನೂ ಬಿಡೂದಿಲ್ಲ."

ಒಳಗಿನ ಮಂಜುಗಡ್ಡೆ ಕರಗಿದರೆ ಎಲ್ಲ ಹಾಳು ಎಂದು ನೂರೀನ ಮುಚ್ಚಳಕ್ಕೆ ಕೈ ಹಾಕಿದಳು.

"ತೆಗೀಬ್ಯಾಡ್ರಿ! ಓಡಿ ಹೋದ್ರ..." ಎಂದು ಕೂಗಿದ ದೇವಪ್ಪ, ತನ್ನ ಮಾತು ತನಗೇ ಕೇಳಿಸಿ, ಅತ್ತ ಮುಖ ತಿರುಗಿಸಿ ಬಕೀಟು ಸರಿಸತೊಡಗಿದ.

ಶಿರಹಟ್ಟಿಯಿಂದ ಪಶುವೈದ್ಯ ಶ್ರೀನಿವಾಸ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವರು ಪೆಟ್ಟಿಗೆ ತೆರೆಸಿ, ಕಿರುಬೆರಳಿನಷ್ಟು ಉದ್ದದ ಕೊಳವೆಯನ್ನು ಬೆಳಕಿಗೆ ಹಿಡಿದು, ತಳದಲ್ಲಿದ್ದ ಹನಿಗಳನ್ನು ಬಹಳ ಹೊತ್ತು ನೋಡಿದರು.

"ಆಡು ಇಲ್ಲ ಅಂತ ಬರ್ಕೊಡ್ರಿ ಸರ್," ಎಂದಳು ನೂರೀನ.

"ಬರೀತೀನವ್ವಾ. ಆದ್ರ ಬಂದದ್ದು ನೂರು, ಇರೂದು ಸೊನ್ನೆ ಅಂದ್ರ, ದೇವಪ್ಪ ನೂರು ಆಡು ಕದ್ದಂಗ ಆತು."

ದೇವಪ್ಪ ಬೇವಿನ ಬೊಡ್ಡೆಗೆ ಒರಗಿದ.

"ಹಂಗಾದ್ರ, ಜೀವ ಇಲ್ಲ ಅಂತ ಬರೀರಿ," ಎಂದಳು ನೂರೀನ.

"ಸತ್ತಾವಂದ್ರ ನೂರು ಪೋಸ್ಟ್‌ಮಾರ್ಟಮ್ ಮಾಡಬೇಕು ನಾ. ಎಲ್ಲಿ ಕೊಯ್ಲಿ?" ಅವರು ಕೊಳವೆಯನ್ನು ಮೆಲ್ಲಗೆ ಮಂಜಿನಲ್ಲಿ ಇಟ್ಟರು. "ನಮ್ಮ ಫಾರ್ಮಿನಾಗ ಇರೂದು ಮೂರ ಕಾಲಂ. ಜೀವಂತ, ಮೃತ, ನಾಪತ್ತೆ. ನೀವ ಹೇಳ್ರಿ, ಯಾವುದು ಪಾಡು?"

ಮೂವರೂ ಬೇವಿನ ಕೆಳಗೆ ಕೂತು ಯೋಚಿಸಿದರು. ಕೊನೆಗೆ ವೈದ್ಯರು ಬರೆದರು: 'ನೂರು ಆಡುಗಳನ್ನು ಪರೀಕ್ಷಿಸಲಾಗಿದೆ. ಎಲ್ಲವೂ ಜೀವಂತ. ಜ್ವರವಿಲ್ಲ. ಸ್ವಭಾವ ಶಾಂತ.'

ಅಷ್ಟಕ್ಕೇ ಮುಗಿಯಲಿಲ್ಲ. ಜೀವಂತ ಆಡನ್ನು ಸಾಗಿಸಬೇಕಾದರೆ ಕಿವಿಗೆ ಹಳದಿ ಬಿಲ್ಲೆ ಬೇಕು, ಒಂದೊಂದು ಬಿಲ್ಲೆಯ ಮೇಲೂ ಹನ್ನೆರಡು ಅಂಕಿ. ವೈದ್ಯರು ಜೀಪಿನಿಂದ ನೂರು ಬಿಲ್ಲೆಗಳ ಪೊಟ್ಟಣ ತಂದರು. ನೂರೀನ ಅಂಕಿಗಳನ್ನು ಓದುತ್ತಾ ಹೋದಳು, ಅವರು ಮೊಬೈಲಿನಲ್ಲಿ ಒತ್ತುತ್ತಾ ಹೋದರು. ಮಾಲಕಿಯ ಹೆಸರು ನೂರೀನ. ತಳಿಯ ಜಾಗದಲ್ಲಿ ಅವರು 'ಇತರೆ' ಎಂದು ಹಾಕಿದರು. ಅರವತ್ತನೆಯ ಆಡಿಗೆ ಬರುವ ಹೊತ್ತಿಗೆ ಪೆಟ್ಟಿಗೆಯ ಮೂಲೆಯಿಂದ ನೀರು ಜಿನುಗಿತು.

"ಮುಗೀತು," ಎಂದಳು ನೂರೀನ. ಮೂರು ವರ್ಷದ ಕೆಲಸ ಹನಿಹನಿಯಾಗಿ ಮಣ್ಣಿಗೆ ಇಳಿಯುತ್ತಿದ್ದಂತೆ ಅವಳಿಗೆ ಅನ್ನಿಸಿತು.

ದೇವಪ್ಪ ಗೋದಾಮಿಗೆ ಕೀಲಿಯನ್ನೂ ಹಾಕದೆ, ಚಪ್ಪಲಿ ಬಿಟ್ಟು ಬಯಲು ದಾಟಿ ಓಡಿದ. ಹತ್ತು ನಿಮಿಷದಲ್ಲಿ ಸೋಡಾ ಅಂಗಡಿಯ ಐಸಿನ ದೊಡ್ಡ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಬಂದ. ಅಂಗಿಯೆಲ್ಲ ತೊಯ್ದಿತ್ತು. ಕಲ್ಲಿನಿಂದ ಐಸು ಒಡೆದು ಕೊಳವೆಯ ಸುತ್ತ ತುಂಬುತ್ತಾ, "ಕಾಯ್ದೆ ಕಾಯ್ದೆ ಅಂತ ನಾನ ಕೊಲ್ಲಾಕ ಹೊಂಟಿದ್ನಲ್ಲ ಇವನ್ನ," ಎಂದ. ಅವನು ಹನಿಗಳನ್ನು ಅಂದನೋ ಆಡುಗಳನ್ನು ಅಂದನೋ, ನೂರೀನಳಿಗೆ ತಿಳಿಯಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗದುಗಿಗೆ ಬಂದಳು. ನೂರು ಟಿಕೀಟು ಕೇಳಿಯಾನೆಂದು ಕಂಡಕ್ಟರನ ಎದುರು ಸರ್ಟಿಫಿಕೇಟನ್ನು ಮಾತ್ರ ಹೊರತೆಗೆಯಲಿಲ್ಲ.

ಆಂಟಿಬಾಡಿ ಕೆಟ್ಟಿರಲಿಲ್ಲ. ಎರಡು ದಿನದ ಮೇಲೆ, ಕೋಳಿಗಳ ಸ್ನಾಯುವಿನ ಪ್ರೋಟೀನು ಹಿಡಿಸಿದ ಬಿಳಿ ಪೊರೆಯ ಮೇಲೆ, ಆಂಟಿಬಾಡಿ ಅಂಟಿದಲ್ಲೆಲ್ಲ ಕಪ್ಪು ಗೆರೆಗಳು ಮೂಡಿದವು; ಪ್ರೋಟೀನು ಹೆಚ್ಚಿದ್ದಷ್ಟೂ ಗೆರೆ ದಪ್ಪ. ಫಾರಂ ಕೋಳಿಯದು ಪೆನ್ಸಿಲಿನ ಗೀಟಿನಷ್ಟು ತೆಳು, ಜವಾರಿ ಕೋಳಿಯದು ಕಾಡಿಗೆ ತೀಡಿದಷ್ಟು ದಪ್ಪ. ನೂರೀನ ಸ್ಟೂಲಿನ ಮೇಲೆ ಕೂತು ಒಬ್ಬಳೇ ನಕ್ಕಳು.

ಆರು ತಿಂಗಳ ಮೇಲೆ ಪಶುಸಂಗೋಪನಾ ಇಲಾಖೆಯಿಂದ ಕಾಗದ ಬಂತು. ಜಿಲ್ಲೆಯ ಎಲ್ಲ ಹಿಂಡುಗಳಿಗೂ ಆ ವರ್ಷ ರೋಗ ತಗುಲಿತ್ತಂತೆ. ಒಂದೂ ಸಾಯದ, ಒಂದೂ ಕೆಮ್ಮದ ಹಿಂಡು ನೂರೀನಳದು ಮಾತ್ರ. ಮುಂಡರಗಿಯಲ್ಲಿ ಆಡು ಸಾಕುವವರ ಸಭೆಗೆ ಬಂದು ನಾಲ್ಕು ಮಾತು ಹೇಳಬೇಕು ಎಂದು ಬರೆದಿದ್ದರು. ಅವಳು ಫೋನು ಮಾಡಿ ನಿಜ ಹೇಳಿದಳು. "ಅದನ್ನೆಲ್ಲಾ ಅಲ್ಲೇ ಬಂದು ಹೇಳ್ರಿ, ಕಾರ್ಡು ಅಚ್ಚಾಗ್ಯಾವ," ಎಂದರು.

ಹೋಗಿ ಹೇಳಿದಳು, ಒಂದನ್ನೂ ಮುಚ್ಚಿಡದೆ. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಮುಂದಿನ ಸಾಲಿನಿಂದ ಅಮೃತವ್ವ ಎಂಬ ಮುದುಕಿ ಎದ್ದು ನಿಂತಳು.

"ಎಲ್ಲಾ ಖರೆ ಯವ್ವಾ. ಆ ಎರಡ ಹನಿ ಕೊಟ್ಟ ಆಡು? ಅದು ಬದುಕೈತೇನು?"

ಮೂರು ವರ್ಷದಲ್ಲಿ ಆ ಪ್ರಶ್ನೆ ನೂರೀನಳ ತಲೆಗೆ ಒಮ್ಮೆಯೂ ಬಂದಿರಲಿಲ್ಲ.

"ಗೊತ್ತಿಲ್ಲ ಅಮ್ಮಾ. ಕೇಳಿ ಹೇಳ್ತೀನಿ," ಎಂದಳು.

ಕಂಪನಿಗೆ ಬರೆದಳು. ಹನ್ನೊಂದು ದಿನಕ್ಕೆ ಉತ್ತರ ಬಂತು: ಆಡು ಜೀವಂತವಿದೆ, ಕರಿ ಬಣ್ಣ, ಬಿಳಿ ಕಿವಿ, ಚೆನ್ನಾಗಿ ಮೇಯುತ್ತದೆ. ನೂರೀನ ಕೂಡಲೆ ಅಮೃತವ್ವನಿಗೆ ಫೋನು ಹಚ್ಚಿದಳು.

"ಪಾಡಾತು ಬಿಡವ್ವಾ," ಎಂದಳು ಮುದುಕಿ. ಆಮೇಲೆ ಕೇಳಿದಳು: "ಮರಿ ಎಷ್ಟ ಹಾಕೈತಂತ?"

ನೂರೀನ ಕಂಪನಿಗೆ ಇನ್ನೊಂದು ಕಾಗದ ಬರೆಯಲು ಕೂತಳು.