ಬಚ್ಚಲಿಗೆ ನಾಲ್ಕು ಪುಟ

ವೆಂಕಟಸುಬ್ಬಯ್ಯನವರು ಕಾರ್ಖಾನೆಯೊಂದರ ಸಿವಿಲ್ ವಿಭಾಗದಿಂದ ನಿವೃತ್ತರಾಗಿ ಸಿ.ವಿ. ರಾಮನ್ ನಗರದಲ್ಲಿದ್ದರು. ಮನೆ ಕೊಳ್ಳುವವರ ಪರವಾಗಿ ಹೋಗಿ ಗೋಡೆ, ಸೂರು, ನಲ್ಲಿ ಎಲ್ಲ ಪರೀಕ್ಷಿಸಿ ವರದಿ ಬರೆದುಕೊಡುವುದು ಅವರು ಹಚ್ಚಿಕೊಂಡ ಹೊಸ ಕೆಲಸ. ಅದಕ್ಕೆ ನಿಯಮಗಳನ್ನೂ ಅವರೇ ಮಾಡಿಕೊಂಡಿದ್ದರು. ಮಾರುವವರಿಂದ ಕಾಫಿಯನ್ನೂ ಮುಟ್ಟಬಾರದು. ಕಣ್ಣಾರೆ ಕಂಡದ್ದನ್ನು ಮುಚ್ಚಿಡಬಾರದು.

2002ರ ಮಳೆಗಾಲದಲ್ಲಿ ಶಿವಾಜಿನಗರದ ಶಾಲಾ ಟೀಚರ್ ಉಮ್ಮೆ ಕುಲ್ಸುಂ ಕಗ್ಗದಾಸಪುರದ ಹೊಸ ಮನೆಯೊಂದನ್ನು ಮೆಚ್ಚಿ, ಪರೀಕ್ಷೆಗೆ ಇವರನ್ನು ಕಳಿಸಿದರು. ಮನೆ ಕಟ್ಟಿಸಿದವನು ಬೈಲಪ್ಪ. ವೆಂಕಟಸುಬ್ಬಯ್ಯನವರು ಬಚ್ಚಲಿನಿಂದಲೇ ಶುರುಮಾಡಿದರು. ಒಳಗೆ ಹೋಗಿ, ಬಾಗಿಲು ಸರಿಯಾಗಿ ಕೂರುತ್ತದೆಯೇ ಎಂದು ಭುಜ ಕೊಟ್ಟು ತಳ್ಳಿ ಚಿಲಕ ಹಾಕಿದರು. ಕೂತಿತು. ಮತ್ತೆ ಏಳಲಿಲ್ಲ. ಹಸಿ ಮರ ಮಳೆಗೆ ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು.

ಬೈಲಪ್ಪ ಹೊರಗಿನಿಂದ ನೂಕಿ ನೋಡಿದ, ಒದ್ದು ನೋಡಿದ. ಆಮೇಲೆ ಅವನಿಗೊಂದು ಯೋಚನೆ ಹೊಳೆಯಿತು.

"ಸಾರ್, ಬಾಗಿಲು ಚೆನ್ನಾಗಿದೆ ಅಂತ ಬರೀತೀನಿ ಅನ್ನಿ. ಈಗ್ಲೇ ಕಾರ್ಪೆಂಟರ್‌ನ ಕರ್ಕೊಂಡ್ ಬರ್ತೀನಿ."

"ಆಗಲ್ಲ ಬೈಲಪ್ಪನೋರೆ. ಒಳಗಡೆ ಇರೋನು ನಾನು."

ಬೈಲಪ್ಪ ಮುನಿಸಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತ. ಒಳಗಿದ್ದವರು ಬೇರೇನೂ ತೋಚದೆ ಕೆಲಸ ಮುಂದುವರಿಸಿದರು. ಒಂದು ಚೊಂಬು ನೀರು ಸುರಿದರೆ ಅದು ಮೋರಿಯತ್ತ ಹೋಗದೆ ಅವರ ಕಾಲಿನತ್ತಲೇ ಬಂತು. ಟೈಲ್ಸ್‌ಗಳನ್ನು ಒಂದೊಂದಾಗಿ ತಟ್ಟಿದರೆ ಹದಿನೇಳು ಪೊಳ್ಳು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಎಲ್ಲವನ್ನೂ ಬರೆದರು.

ಪಕ್ಕದ ಮನೆಯಲ್ಲಿದ್ದ ಬೈಲಪ್ಪನ ತಾಯಿ ಬೈರಮ್ಮನಿಗೆ ಸುದ್ದಿ ಮುಟ್ಟಲು ಒಂದು ಗಂಟೆ ಹಿಡಿಯಿತು. ಆಕೆ ಮಗನಿಗೆ ಬೈದು ಬಡಗಿಯನ್ನು ಕರೆತರಲು ಅಟ್ಟಿ, ತಾನು ಸ್ಟೂಲು ಹತ್ತಿ ವೆಂಟಿಲೇಟರಿನಿಂದ ಕಾಫಿ ಲೋಟ ಚಾಚಿದಳು. ವೆಂಕಟಸುಬ್ಬಯ್ಯನವರು ತಮ್ಮ ನಿಯಮ ಹೇಳಿದರು.

"ಬೇಗ ಇಸ್ಕೊಳ್ರಪ್ಪ, ಸ್ಟೂಲು ಅಲ್ಲಾಡ್ತೈತೆ."

ಅವರು ಇಸಿದುಕೊಂಡು ಕುಡಿದರು.

ಕಡೆಗೆ ಬಡಗಿ ಕಲೀಮುಲ್ಲಾ ಬಂದು ಚಿಲಕದ ಸುತ್ತ ಗರಗಸ ಆಡಿಸಿ ಅವರನ್ನು ಬಿಡಿಸಿದ. ಮರ ಒಣಗಿಲ್ಲ ಎಂದು ಬಾಗಿಲು ಕೂರಿಸಿದ ದಿನವೇ ಹೇಳಿದ್ದೆನೆಂದು ಅವನು ಗೊಣಗಿದಾಗ ಬೈಲಪ್ಪ ಸೂರು ನೋಡುತ್ತ ನಿಂತ.

ವರದಿ ಓದಿ ಕುಲ್ಸುಂಗೆ ನಗು ತಡೆಯಲಾಗಲಿಲ್ಲ. ಬಚ್ಚಲಿಗೆ ನಾಲ್ಕು ಪುಟ, ಕೊನೆಗೆ 'ಮಾರುವವರ ಕಾಫಿ ಒಂದು ಲೋಟ ಕುಡಿದಿದ್ದೇನೆ' ಎಂಬ ಸಾಲು. ಅಡುಗೆಮನೆ ಹೇಗಿದೆ ಎಂದು ಆಕೆ ಕೇಳಿದಾಗ, ಬಿಡುಗಡೆಯಾದದ್ದೇ ನೆಟ್ಟಗೆ ಮನೆಗೆ ಬಂದುಬಿಟ್ಟೆನೆಂದು ಅವರು ನಾಚಿಕೆಯಿಂದ ಒಪ್ಪಿಕೊಂಡರು.

ಮರುದಿನ ಮತ್ತೆ ಹೋದರು. ಬೈಲಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ; ಬಿರುಕಿಗಾಗಿ ಎರಡು ಗಂಟೆ ಹುಡುಕಿದರು. ಒಂದೂ ಸಿಗಲಿಲ್ಲ. ಕಂಬ, ಸೂರು, ಗೋಡೆ ಎಲ್ಲವೂ ಗಟ್ಟಿ. ಹಲ್ಲು ಕಚ್ಚಿಕೊಂಡು ಅದನ್ನೂ ಹಾಗೆಯೇ ಬರೆದರು.

ಬೈಲಪ್ಪ ಬಚ್ಚಲನ್ನು ಒಡೆಸಿ ಹೊಸದಾಗಿ ಕಟ್ಟಿಸಿದ ಮೇಲೆ ಕುಲ್ಸುಂ ಮನೆ ಕೊಂಡರು. ಹೊಗಳಿಕೆಯ ಪುಟವನ್ನು ಮೂರು ಸಲ ಓದಿದ ಬೈಲಪ್ಪ, ಮುಂದಿನ ಗಿರಾಕಿಗಳಿಗೆ ತೋರಿಸಲು ಅದರ ಜೆರಾಕ್ಸ್ ಕೊಡಿಸಿ ಎಂದು ಆಕೆಯನ್ನು ಕೇಳಿದ. ಟೀಚರ್ ಒಪ್ಪಿ, ಬಚ್ಚಲಿನ ನಾಲ್ಕು ಪುಟವನ್ನೂ ಸೇರಿಸಿ ಪಿನ್ ಹೊಡೆದು ಕೊಟ್ಟರು.