ಮೊಳೆಯ ಪಕ್ಕದ ಉಂಗುರ

ಮನೆ ಯಜಮಾನರು ಹಿತ್ತಲಲ್ಲಿ ಮೆಟಲ್ ಡಿಟೆಕ್ಟರ್ ಬೀಸುತ್ತಿದ್ದ ರೀತಿ ನೋಡಿಯೇ ಅಕ್ಕನ ಮೈಯೆಲ್ಲ ಉರಿದುಹೋಯಿತು. ಹುಲ್ಲು ಕೊಯ್ಯುವವರೂ ಅಷ್ಟು ಅವಸರ ಪಡುವುದಿಲ್ಲ. ತಲೆಗೆ ಹೆಡ್‌ಫೋನು, ಕಾಲಿಗೆ ಬೂಟು, ಮುಖದಲ್ಲಿ ಯುದ್ಧ ಗೆದ್ದವನ ಗತ್ತು. ಸಿಕ್ಕಿದ್ದು ಮಾತ್ರ ಸೊನ್ನೆ.

ಅಕ್ಕ ನೀರು ಸರಬರಾಜು ಇಲಾಖೆಯವಳು. ಡಾಂಬರಿನಡಿ ಹೂತುಹೋದ ವಾಲ್ವ್ ಮುಚ್ಚಳಗಳನ್ನು ಇಂಥದೇ ಯಂತ್ರ ಹಿಡಿದು ಹುಡುಕುವುದು ಅವಳ ಹದಿನಾಲ್ಕು ವರ್ಷದ ಕೆಲಸ. ತಂಗಿ ಈ ಮನೆಯಲ್ಲಿ ಅಡುಗೆಗಿದ್ದಳು. ಭಾನುವಾರ ಯಜಮಾನಿಯ ಚಿನ್ನದ ಉಂಗುರ ಕಾಣೆಯಾಯಿತು. ಗಿಡ ನೆಡುವಾಗ ಜಾರಿರಬೇಕು ಎಂದು ಯಜಮಾನಿಯೇ ಹೇಳಿದರೂ, ಯಜಮಾನರು ಅರ್ಧ ಗಂಟೆ ಯಂತ್ರ ಆಡಿಸಿ ಹಿತ್ತಲಲ್ಲಿ ಇಲ್ಲ ಎಂದು ತೀರ್ಪು ಕೊಟ್ಟುಬಿಟ್ಟರು. ಇಲ್ಲವೆಂದ ಮೇಲೆ ಕದ್ದವರು ಯಾರಾದರೂ ಇರಲೇಬೇಕಲ್ಲ! ಬಡಾವಣೆಯ ನಲವತ್ತು ಮನೆಗಳ ವಾಟ್ಸಾಪ್ ಗುಂಪಿಗೆ ತಂಗಿಯ ಫೋಟೋ ಹಾಕಿ, 'ಕಳ್ಳಿ, ಹುಷಾರು' ಎಂದು ಬರೆದರು. ಮರುದಿನವೇ ಅವಳು ಅಡುಗೆ ಮಾಡುತ್ತಿದ್ದ ಇನ್ನೆರಡು ಮನೆಗಳ ಬಾಗಿಲೂ ಮುಚ್ಚಿದವು. ಅಕ್ಕ ಇವತ್ತು ತಂಗಿಯ ಕೈ ಹಿಡಿದುಕೊಂಡು ಬಂದು ನ್ಯಾಯ ಕೇಳಿದ್ದಕ್ಕೆ, ಕಣ್ಣಾರೆ ನೋಡು ಎಂದು ಈ ಪ್ರದರ್ಶನ.

"ಗೊತ್ತಾಯ್ತಾ? ಒಂದು ಸದ್ದೂ ಇಲ್ಲ. ಮಷೀನು ಸುಳ್ಳು ಹೇಳಲ್ಲಮ್ಮ," ಎಂದರು ಯಜಮಾನರು.

"ಮನೆ ಕಟ್ಟುವಾಗ ಬಡಗಿಗಳು ಇಲ್ಲೇ ಕೆಲಸ ಮಾಡಿದ್ರಂತೆ. ನೆಲದ ತುಂಬ ಮೊಳೆ ಇರಬೇಕಲ್ಲ ಸಾರ್? ಅದ್ಯಾಕೆ ಸದ್ದು ಮಾಡ್ತಿಲ್ಲ?"

"ಕಬ್ಬಿಣಕ್ಕೆ ಬಾಯಿ ಮುಚ್ಕೊಂಡಿರು ಅಂತ ಸೆಟ್ ಮಾಡಿದೀನಿ. ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು."

ಅಕ್ಕನಿಗೆ ನಗು ಬಂತು, ಸಿಟ್ಟೂ ಬಂತು. ಯಂತ್ರದ ಕೋಲಿನ ತುದಿಗೆ ಊಟದ ತಟ್ಟೆಗಿಂತ ದೊಡ್ಡ ಸುರುಳಿ. ಅದರ ಕೆಳಗೆ ಮೊಳೆ, ಉಂಗುರ ಎರಡೂ ಒಟ್ಟಿಗೇ ಬರುತ್ತವೆ. ಯಂತ್ರ ಮೊಳೆಯನ್ನು ಕಂಡು ಬಾಯಿ ಮುಚ್ಚುತ್ತದೆ. ಅದು ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಈ ಮಹಾಶಯರ ಕೈ ಎರಡಡಿ ಆಚೆ ಹೋಗಿರುತ್ತದೆ. ಇಷ್ಟು ದೊಡ್ಡ ದಡ್ಡತನಕ್ಕೆ ಅಷ್ಟು ದುಬಾರಿ ಯಂತ್ರ ಯಾಕೆ ಬೇಕಿತ್ತೋ.

"ಇದರ ಜೊತೆ ಒಂದು ಸಣ್ಣ ಸುರುಳಿ ಕೊಟ್ಟಿರ್ತಾರಲ್ಲ, ಎಲ್ಲಿ?"

ಯಜಮಾನಿ ಒಳಗಿನಿಂದ ಡಬ್ಬ ತಂದರು. ಅಂಗೈಯಗಲದ ಸುರುಳಿ, ಮೇಲಿನ ಪ್ಲಾಸ್ಟಿಕ್ಕು ಕೂಡ ಹರಿದಿರಲಿಲ್ಲ. "ಅದು ಮಕ್ಕಳಾಟಕ್ಕೆ," ಎಂದು ಯಜಮಾನರು ಮೂಗು ಮುರಿದರು. ಅಕ್ಕ ಉತ್ತರ ಕೊಡುವ ಗೋಜಿಗೆ ಹೋಗದೆ ಅದನ್ನು ಜೋಡಿಸಿದಳು, ಕಬ್ಬಿಣದ ಸದ್ದೂ ಕೇಳಿಸುವಂತೆ ಗುಂಡಿ ತಿರುಗಿಸಿದಳು, ಹೆಡ್‌ಫೋನಿನ ವೈರು ಕಿತ್ತಳು. ಹಿತ್ತಲೆಲ್ಲ ಗೊರ್ ಗೊರ್ ಎನ್ನತೊಡಗಿತು.

ಗಿಡಗಳ ಪಾತಿಯ ಬಳಿ ಅವಳು ಗೇಣು ಗೇಣಾಗಿ, ಮಗುವಿನ ಬೆನ್ನು ಸವರಿದಂತೆ ಸುರುಳಿ ಆಡಿಸಿದಳು. ಮೂರನೆಯ ಗಿಡದ ಬುಡದಲ್ಲಿ ಗೊರ್ ಎಂದದ್ದು ಕೊನೆಗೆ ಸಣ್ಣದಾಗಿ ಕುಂಯ್ ಎಂದಿತು. ಅಡ್ಡ ತಿರುಗಿ ನಿಂತು ಇನ್ನೊಂದು ದಿಕ್ಕಿನಿಂದ ಸವರಿದಳು. ಈಗ ಎರಡು ಸದ್ದೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕೇಳಿಸಿದವು. ಬೆರಳಲ್ಲೇ ಮಣ್ಣು ಕೆದಕಿದಳು. ಮೊದಲು ತುಕ್ಕು ಹಿಡಿದ ಮೊಳೆ, ಅದರಿಂದ ಎರಡು ಬೆರಳಾಚೆ ಉಂಗುರ.

ತಂಗಿ ಅಲ್ಲೇ ಪಾತಿಯ ಪಕ್ಕ ಕೂತು ಅತ್ತಳು. ಯಜಮಾನರು ಮಾತ್ರ ಕೈ ಚಾಚಿ, "ನೋಡಿದ್ಯಾ, ನಮ್ಮ ಮಷೀನು ಹೇಗಿದೆ!" ಎಂದರು.

ಅಕ್ಕ ಉಂಗುರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. "ಮೊದಲು ಗುಂಪಿಗೆ ಬರೀರಿ ಸಾರ್."

ಅವರು ಗೊಣಗುತ್ತಲೇ ಮೊಬೈಲು ತೆಗೆದು ಬರೆದರು: 'ನಮ್ಮ ಡಿಟೆಕ್ಟರಿನಿಂದ ಉಂಗುರ ಸಿಕ್ಕಿದೆ. ಎಲ್ಲರಿಗೂ ವಂದನೆಗಳು.' ಅಕ್ಕ ಅದನ್ನು ಓದಿದಳು. ಮುಷ್ಟಿ ಬಿಚ್ಚಲಿಲ್ಲ.

"ರೀ, ನಾಚಿಕೆ ಆಗಲ್ವಾ ನಿಮಗೆ? ಇವಳು ಕದ್ದಿಲ್ಲ, ತಪ್ಪು ನಂದು ಅಂತ ಬರೀರಿ," ಎಂದರು ಯಜಮಾನಿ. ಯಜಮಾನರು ಕಿವಿಯವರೆಗೂ ಕೆಂಪಾಗಿ, ಒಂದೊಂದೇ ಅಕ್ಷರ ಒತ್ತಿ ಬರೆದರು. "ಆಯ್ತಾ? ಈಗ ಕೊಡು."

"ಇನ್ನೂ ಆಗಿಲ್ಲ," ಎಂದಳು ತಂಗಿ. ಬಂದಾಗಿನಿಂದ ಅವಳಾಡಿದ ಮೊದಲ ಮಾತು. ಎದ್ದು ಕಣ್ಣೊರೆಸಿಕೊಂಡು, ಕೂದಲು ಸರಿಮಾಡಿಕೊಂಡು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. "ಇನ್ನೊಂದು ಫೋಟೋ ತೆಗೆದು ಗುಂಪಿಗೆ ಹಾಕ್ರಿ. ಅವತ್ತು ಹಾಕಿದ್ದರಲ್ಲಿ ನಾನು ಅಳ್ತಿದ್ದೆ."