ತಾವರೆ ಕಾಲುವೆಯ ದೋಣಿ

ಚುನಾವಣೆಯ ಗಲಭೆಯಲ್ಲಿ ನನ್ನ ಮಗ ಓರಿನ್, ಸುಮಿಂತ್ರಾಳ ಮಗ ಖೇಮರಾಜನ ಕಾಲು ಮುರಿದ. ಅವರ ಹಿರಿಯರು ಇಂಡಿಯಾದಿಂದ ಬಂದವರು, ನಮ್ಮವರು ಆಫ್ರಿಕಾದಿಂದ. ನಡುವೆ ಒಂದು ಕಾಲುವೆ. ಅಂದಿನಿಂದ ಆ ದಡದವರು ಈ ದಡಕ್ಕೆ ಕಾಲಿಟ್ಟಿಲ್ಲ. ಸಂತೆಯಲ್ಲಿ ಜನ್ಮವಿಡೀ ನನ್ನ ಪಕ್ಕ ಕೂತು ಬದನೆಕಾಯಿ ಮಾರಿದ ಗೆಳತಿ ಸುಮಿಂತ್ರಾ, ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ನನಗೆ ತುತ್ತು ಇಳಿಯುತ್ತಿರಲಿಲ್ಲ.

ಗಲಭೆಯಾದ ಊರುಗಳಲ್ಲಿ ಮನಸ್ಸು ಬೆಸೆಯಲೆಂದು ಅನುದಾನ ಹಂಚುವ ಮಿಸ್ ಆಲಿಕಾಕ್ ರಾಜಧಾನಿ ಜಾರ್ಜ್‌ಟೌನಿನಿಂದ ಬಂದಳು. ಆ ಹಣದಲ್ಲಿ ಎರಡೂ ದಡಕ್ಕೆಂದು ದೋಣಿ ಕೊಡಿಸಿ, ಹಳದಿ ಬಣ್ಣ ಬಳಿಸಿ, ಹುಟ್ಟನ್ನು ನನ್ನ ಕೈಗೆ ಕೊಟ್ಟಳು. ಒಂದು ನರಪಿಳ್ಳೆಯೂ ಹತ್ತಲಿಲ್ಲ. ಬೆಳ್ಳಕ್ಕಿಯೊಂದು ದಿನವೂ ಹತ್ತಿ ಕೂರುತ್ತಿತ್ತು.

"ಯೂಲೀನ್ ಆಂಟಿ, ಶುಕ್ರವಾರದೊಳಗೆ ಆ ಕಡೆಯವರು ಒಬ್ಬರಾದ್ರೂ ಹತ್ತದಿದ್ರೆ ದೋಣಿ ಬೇರೆ ಊರಿಗೆ ಹೋಗುತ್ತೆ," ಅಂದಳು.

"ಹೊತ್ಕೊಂಡು ಬಂದು ಕೂರಿಸ್ಲಾ? ದುಡ್ಡು ಸುರಿದ್ರೆ ದೋಣಿ ಬರುತ್ತೆ ತಾಯಿ, ಮುನಿಸು ಹೋಗಲ್ಲ," ಅಂದೆ.

ಭಾನುವಾರ ಸುಮಿಂತ್ರಾಳ ಮಗಳ ಮದುವೆ. ಅವರಲ್ಲಿ ಮದುವೆಯ ಏಳು ಬಗೆ ಪಲ್ಯ ತಾವರೆ ಎಲೆಯ ಮೇಲೆಯೇ ಬೀಳಬೇಕು. ತಾವರೆಯೆಲ್ಲ ಇರುವುದು ನಮ್ಮ ದಡದಲ್ಲಿ. ಬುಧವಾರ ನಾನೇ ಒಂದು ಹೊರೆ ಎಲೆ ಕುಯ್ದು, ಅವಳ ಬೇಲಿಗೆ ಒರಗಿಸಿ, ಕಳ್ಳಿಯ ಹಾಗೆ ಓಡಿಬಂದೆ.

ಶುಕ್ರವಾರ ಬೆಳಗ್ಗೆ ಕಾಲುವೆ ಕಾಣುತ್ತಿರಲಿಲ್ಲ, ಬರೀ ಮಂಜು. ಆಚೆ ದಡದಲ್ಲಿ ಯಾರೋ ಕತ್ತಿ ಹಿಡಿದು ನಿಂತಂತಿತ್ತು. ಕನಸೋ ಏನೋ ಎಂದು ದೋಣಿ ಬಿಟ್ಟೆ. ಸುಮಿಂತ್ರಾ! ಹತ್ತಿ, ನನಗೆ ಬೆನ್ನು ಹಾಕಿ ಕೂತಳು. ನೀರು, ಆಕಾಶ, ಎಲೆ ಎಲ್ಲ ಒಂದೇ ಬಣ್ಣದಲ್ಲಿ ತೇಲುತ್ತಿದ್ದವು. ನನ್ನ ಎದೆ ಹಗುರಾಯಿತು, ಹೆದರಿಕೆಯೂ ಆಯಿತು.

"ತೊಟ್ಟನ್ನ ಎಲೆ ಬುಡಕ್ಕೇ ಕುಯ್ದಿದ್ದೀಯ," ಅಂದಳು ಕೊನೆಗೆ. "ಎಲ್ಲಾ ಎಲೆಗೂ ನಡುವೆ ತೂತು. ಬೇಳೆ ಸಾರು ಬೀಗರ ಮಡಿಲಿಗೆ ಹೋಗುತ್ತೆ. ಇಷ್ಟು ವರ್ಷ ನಮ್ಮನೇಲಿ ಉಂಡಿದ್ದೇನು, ಮಣ್ಣಾ?"

"ಉಣ್ಣೋವಾಗ ಎಲೆ ಅಡಿ ಯಾರೇ ನೋಡ್ತಾರೆ?"

ಅವಳ ಭುಜ ಅಲುಗಿತು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅವಳು ಬಾಗಿ ಕುಯ್ದ ಎಲೆಗಳು ಒಂದೊಂದಾಗಿ ದೋಣಿ ತುಂಬಿದವು, ಮಂಜು ಮೆಲ್ಲಗೆ ಮೇಲೆದ್ದಿತು.

"ನಿಮ್ಮನೆಗೆ ಎಷ್ಟು ಎಲೆ ಹಾಕ್ಲಿ?"

"ನನ್ನದೊಂದು," ಅಂದೆ.

"ಓರಿನ್‌ದು?"

ಹುಟ್ಟು ಹಾಕುವುದು ಮರೆತುಹೋಯಿತು. ದೋಣಿ ತನ್ನಷ್ಟಕ್ಕೆ ತೇಲಿತು.

"ನಾನು ಕ್ಷಮಿಸಿಲ್ಲ ಕಣೇ," ಅಂದಳು. "ಖೇಮರಾಜ ಕುಂಟ್ತಾ ಬಂದು ಬಡಿಸ್ತಾನೆ. ನಿನ್ನ ಮಗ ಅವನ ಕಣ್ಣೆದುರು ಕೂತು ಉಣ್ಣಲಿ. ಆಗುತ್ತಾ ಅವನ ಕೈಲಿ?"

ಹುಟ್ಟನ್ನು ಮತ್ತೆ ನೀರಿಗಿಳಿಸಿದೆ.

"ಆಗಲ್ಲ," ಅಂದೆ. "ಆದ್ರೂ ಬರ್ತಾನೆ. ಕಿವಿ ಹಿಡಿದು ನಾನೇ ಕರ್ಕೊಂಡು ಬರ್ತೀನಿ."

ಸುಮಿಂತ್ರಾ ಮೊದಲ ಸಲ ನನ್ನತ್ತ ತಿರುಗಿದಳು.

"ಹಾಗಿದ್ರೆ ಎರಡು," ಎಂದು ಮತ್ತೆ ನೀರಿಗೆ ಬಾಗಿದಳು.